ಉಸುಕಿನ ತಳ ಕಲಿಸಿದ ಪಾಠ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ಭಾಷಣ)



ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಬಿಡುವಿನಲ್ಲಿ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುತ್ತೇನೆ. ಆ ತೊಟ್ಟಿಯ ಪಾಠ ನಮ್ಮ ಬಾವಿ, ಬೋರ್‌ವೆಲ್‌ಗಳಿಗೂ ಸಂಬಂಧಿಸಿದ್ದು. ಅದನ್ನೇ ಇಂದು ಹೇಳುತ್ತೇನೆ.

ಮೀನಿನ ಹೊಲಸು ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಉಸುಕಿನ ಮೇಲ್ಪದರದ ಬ್ಯಾಕ್ಟೀರಿಯಾಗಳು ಆಮ್ಲಜನಕ ಬಳಸಿ ಅದನ್ನು ಮೊದಲು ನೈಟ್ರೈಟ್, ನಂತರ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ವಿಷವಲ್ಲ, ಆದರೆ ದಿನದಿನಕ್ಕೆ ಕೂಡುತ್ತ ಹೋಗುತ್ತದೆ. ಸಣ್ಣ ಉಸುಕನ್ನು ಹತ್ತು ಸೆಂಟಿಮೀಟರಿಗೂ ಹೆಚ್ಚು ದಪ್ಪ ಹಾಸಿದರೆ ತಳಕ್ಕೆ ಆಮ್ಲಜನಕ ಮುಟ್ಟುವುದಿಲ್ಲ. ಅಲ್ಲಿಯ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟಿನೊಳಗಿನ ಆಮ್ಲಜನಕವನ್ನೇ ಉಸಿರಾಡುತ್ತವೆ. ಉಳಿದ ಸಾರಜನಕ ಗಾಳಿಗೆ ಸೇರುತ್ತದೆ. ಈ ಕೆಲಸಕ್ಕೆ ಅವುಗಳಿಗೆ ಕೊಳೆತ ಸಾವಯವ ಪದಾರ್ಥದ ಆಹಾರ ಬೇಕು.

ಈಗ ಊರಿಗೆ ಬರೋಣ. ಘಟಪ್ರಭಾ ಹೊಳೆ, ಹಿಡಕಲ್ ಜಲಾಶಯಗಳಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗ ಕಬ್ಬಿನ ನಾಡಾಗಿದೆ. ಕಬ್ಬಿಗೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಇದೇ ರೀತಿ ನೈಟ್ರೇಟ್ ಆಗುತ್ತದೆ. ಬೆಳೆ ಹೀರಿ ಉಳಿದದ್ದು ನೀರಿನೊಡನೆ ಕೆಳಗಿಳಿಯುತ್ತದೆ. ತಿಪ್ಪೆ, ಶೌಚಗುಂಡಿಗಳ ಪಾಲೂ ಸೇರುತ್ತದೆ. ಆಳದ ಬಂಡೆಯಲ್ಲಿ ಬ್ಯಾಕ್ಟೀರಿಯಾಗಳಿಗೆ ಆಹಾರ ಕಡಿಮೆ. ಅದಕ್ಕೇ ನೈಟ್ರೇಟ್ ಉಳಿದುಬಿಡುತ್ತದೆ. ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಬದಲಿಸಬಹುದು, ಅಂತರ್ಜಲವನ್ನು ಬದಲಿಸಲಾಗದು.

ನೈಟ್ರೇಟ್ ಬೆರೆತ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹೆಚ್ಚು ನೈಟ್ರೇಟ್ ಇರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ, ಆರು ತಿಂಗಳೊಳಗಿನ ಕೂಸಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. 1945ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವೈದ್ಯ ಹಂಟರ್ ಕಾಮ್ಲಿ ಬಾವಿ ನೀರಿನಿಂದ ಹೀಗಾದುದನ್ನು ವರದಿ ಮಾಡಿದರು. ನೀರು ಕಾಯಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಅರಿವೆಯಲ್ಲಿ ಸೋಸಿದರೂ ಹೋಗದು. ಆರ್‌ಒ ಯಂತ್ರ ಬಹುಪಾಲು ತೆಗೆಯುತ್ತದೆ.

ನನ್ನ ವಿನಂತಿ ಇಷ್ಟೇ. ಶಾಲೆಗೆ ನೈಟ್ರೇಟ್ ಪರೀಕ್ಷೆಯ ಪಟ್ಟಿಗಳನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಕೊಡಿಸೋಣ. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಮಕ್ಕಳು ತಮ್ಮ ಓಣಿಯ ನೀರು ತಂದು ನೋಡಿ ಬರೆದಿಡಲಿ. ಹೆಚ್ಚು ಕಂಡ ನೀರನ್ನು ಪಂಚಾಯಿತಿ ಮೂಲಕ ಪ್ರಯೋಗಾಲಯಕ್ಕೆ ಕಳಿಸೋಣ. ರೈತ ಬಂಧುಗಳು ಯೂರಿಯಾವನ್ನು ಒಮ್ಮೆಲೇ ಸುರಿಯದೆ ಕಂತಿನಲ್ಲಿ ಕೊಡಲಿ. ಆಮೇಲೆ ಹೊಲ ತುಂಬಿ ನಿಲ್ಲುವಷ್ಟು ನೀರು ಹಾಯಿಸದಿರಲಿ. ಹಸುಗೂಸು ಇರುವ ಮನೆಯ ನೀರಿನಿಂದಲೇ ಈ ಪರೀಕ್ಷೆ ಶುರುವಾಗಲಿ.