ಹೊಣೆ ಯಾರದು?



ಬೆಳೆ ಲಾರಿ ಹತ್ತಿದ ಮೇಲೆ ಅದಕ್ಕೆ ಹೊಣೆ ಯಾರು? ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬಾಡಿಗೆಗೆ ಸರಕು ಸಾಗಿಸೋದಕ್ಕೆ ಕೇಂದ್ರ ಸರ್ಕಾರದ ಪರವಾನಗಿ ಬೇಕು. ಮುಖ್ಯವಾಗಿ ಮೂರು ಬಗೆ. ಲಾರಿ ಓಡಿಸುವವನಿಗೆ ಒಂದು. ಸರಕನ್ನು ತನ್ನ ಹೊಣೆ ಮೇಲೆ ಪಡೆದು ಬೇರೆಯವರ ಲಾರಿಯಲ್ಲಿ ಕಳಿಸುವವನಿಗೆ ಇನ್ನೊಂದು. ಲಾರಿ ಗೊತ್ತುಮಾಡಿಕೊಡುವ ದಲ್ಲಾಳಿಗೆ ಮತ್ತೊಂದು. ಅವನು 75,000 ಡಾಲರ್ ಜಾಮೀನು ಇಡಲೇಬೇಕು.

ಆದರೆ 1935ರ ಕಾನೂನು ಹೊಲದ ಬೆಳೆಗೆ ವಿನಾಯಿತಿ ಕೊಟ್ಟಿತು; ಅದು ಇಂದಿಗೂ ಇದೆ. ಹಸಿ ಟೊಮೇಟೊ ಸಾಗಿಸಲು ಈ ಪರವಾನಗಿ ಬೇಡ, ಅದನ್ನೇ ಬೇಯಿಸಿ ಡಬ್ಬಿಗೆ ತುಂಬಿದರೆ ಬೇಕು. ರೈತನಿಗೆ ಲಾರಿ ಸಲೀಸಾಗಿ ಸಿಗುತ್ತೆ, ನಿಜ. ಆದರೆ ಅಂಥ ಬೆಳೆಗಷ್ಟೇ ಲಾರಿ ಹಿಡಿದುಕೊಡುವ ದಲ್ಲಾಳಿಗೆ ಆ ಜಾಮೀನಿನ ಕಟ್ಟೂ ಇಲ್ಲ!

ವಿನಾಯಿತಿ ಅಂದಕೂಡಲೇ ಹಿಗ್ಗಬೇಡಿ. ಜೊತೆಗೆ ಹೊಣೆಯೂ ಜಾರಿಹೋಯಿತೇ, ನೋಡಿ.