ಜಾಣರ ಪಟ್ಟಿ ಬರೆಯೋ ಕೈ ಯಾರದು?

(ರಾಣೆಬೆನ್ನೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಪ್ರತಿಭೆ ಅನ್ನೋ ಮಾತು ಕೇಳಿದರೆ ನಮಗೆ ಮೈ ಉರೀತದೆ. ಯಾಕಂದರೆ ಇಲ್ಲಿತನಕ ಆ ಮಾತನ್ನು ನಮ್ಮ ತಲೆಗೆ ಕುಟ್ಟೋದಕ್ಕೇ ಬಳಸಿದ್ದಾರೆ. 'ಮೀಸಲಾತಿ ಬೇಕೋ, ಪ್ರತಿಭೆ ಬೇಕೋ' ಅಂತ ಕೇಳುವವರು ಅದು ತಮ್ಮ ಮನೆಯಲ್ಲಷ್ಟೇ ಹುಟ್ಟುತ್ತದೆ ಅಂತ ತಿಳಿದಿದ್ದಾರೆ. ಹಾಗಂತ ಆ ಮಾತನ್ನು ಅವರಿಗೇ ಬಿಟ್ಟುಕೊಡೋಣವೇ? ನಮ್ಮ ಕೇರಿಗಳಲ್ಲೂ ಕೆಲವು ಮಕ್ಕಳ ತಲೆ ಓಟವೇ ಬೇರೆ ಇರುತ್ತದೆ. ಆ ಮಕ್ಕಳು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಅನ್ನೋದೇ ಇವತ್ತಿನ ಮಾತು.

ರಾಣೆಬೆನ್ನೂರು ಬೀಜದ ಊರು. ಹೈಬ್ರಿಡ್ ಹತ್ತಿಯ ಕ್ರಾಸಿಂಗ್ ಕೆಲಸ ಹೇಗಿರುತ್ತದೆ ಅಂತ ನಿಮ್ಮಲ್ಲಿ ಹಲವರ ಬೆರಳಿಗೇ ಗೊತ್ತು. ಸಂಜೆ ಹೆಣ್ಣು ಹೂವಿನ ಎಸಳು, ಕೇಸರ ಬಿಡಿಸಬೇಕು, ಒಳಗಿನ ಎಳೆಗಾಯಿಗೆ ಉಗುರು ತಾಗಬಾರದು. ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸಬೇಕು. ಸಣ್ಣ ಬೆರಳು, ಚುರುಕು ಕಣ್ಣು ಬೇಕಲ್ಲ, ಅದಕ್ಕೇ ಮಕ್ಕಳನ್ನು ಕರೆಯುತ್ತಾರೆ. ಹತ್ತು ವರ್ಷದ ಹುಡುಗಿ ಎಷ್ಟು ಸಾಲು ಮುಗೀತು, ಯಾರ ಪಗಾರ ಎಷ್ಟು ಬಾಕಿ ಅಂತ ಬಾಯಲ್ಲೇ ಲೆಕ್ಕ ಹೇಳುತ್ತಾಳೆ. 'ಭಾಳ ಚುರುಕೈತಿ ನೋಡು ಕೂಸು' ಅಂತ ಹೊಲದ ಮಾಲಕ ಮೆಚ್ಚುತ್ತಾನೆ. ಅದೇ ಕೂಸು ಶಾಲೆಯಲ್ಲಿ ಹಿಂದುಳಿದವಳು! ಬ್ಯಾಡಗಿಯಲ್ಲಿ ತಾಯಿಯ ಪಕ್ಕ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸೋ ಮಕ್ಕಳದೂ ಇದೇ ಕತೆ. ಅವರ ಬುದ್ಧಿ ದುಡಿಮೆಗೆ ಕಾಣುತ್ತದೆ, ಶಾಲೆಗೆ ಕಾಣೋದಿಲ್ಲ.

ಶಾಲೆಗೆ ಕಾಣೋ ಜಾಣ ಬೇರೆ. ಇಸ್ತ್ರಿ ಅಂಗಿ, ಸುಮ್ಮನೆ ಕೂರೋ ಗುಣ, ಪುಸ್ತಕದಲ್ಲಿದ್ದದ್ದನ್ನು ಹಾಗೇ ಒಪ್ಪಿಸೋದು. 'ಯಾಕ್ರೀ ಸರ' ಅಂತ ತಿರುಗಿ ಕೇಳಿದವನು ಕಿಲಾಡಿ. ಲೆಕ್ಕ ಬೇಗ ಮುಗಿಸಿದ ಹುಡುಗನಿಗೆ ಅದಕ್ಕಿಂತ ಕಠಿಣ ಲೆಕ್ಕ ಕೊಡಬೇಕು. ನಮ್ಮವನ ಕೈಗೆ ಎಷ್ಟೋ ಕಡೆ ಕೊಡೋದು ಕಸಬರಿಗೆ. ಇನ್ನೊಂದು ಮಾತು. ಹಲಿಗೆ ಬಾರಿಸೋದು ಬಿಡಿ ಅಂತ ನಾವೇ ಹೇಳಿದೆವು. ಬಿಟ್ಟಿಚಾಕರಿ ಬಿಡಿ ಅಂತ ಹೇಳಿದ್ದು, ಹುಡುಗನ ಕೈಯಲ್ಲಿರೋ ತಾಳ ಮರೀರಿ ಅಂತ ಅಲ್ಲ.

ಬಾಬಾಸಾಹೇಬರು ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿದ್ದಾಗ ಮೇಷ್ಟ್ರು ಒಂದು ಲೆಕ್ಕ ಬಿಡಿಸೋದಕ್ಕೆ ಬೋರ್ಡಿಗೆ ಕರೆದರು. ಲೆಕ್ಕ ಆಮೇಲಾಯಿತು. ಮೊದಲು ಸವರ್ಣ ಹುಡುಗರು ಓಡಿಬಂದು ಬೋರ್ಡಿನ ಹಿಂದಿಟ್ಟಿದ್ದ ಬುತ್ತಿ ಡಬ್ಬಿ ಎತ್ತಿಕೊಂಡರು. ಬುದ್ಧಿ ಇದ್ದರೆ ತಾನಾಗೇ ಮೇಲೆ ಬರ್ತದೆ ಅನ್ನುವವರು ಆ ಡಬ್ಬಿಗಳನ್ನು ನೆನೆಸಿಕೊಳ್ಳಲಿ. ಭೀಮರಾಯರು ಚರ್ನಿ ರೋಡಿನ ತೋಟದಲ್ಲಿ ಕೂತು ಓದುತ್ತಿದ್ದರು. ಅವರನ್ನು ಕಂಡು ಮಾತಾಡಿಸಿ ಪುಸ್ತಕ ಕೊಟ್ಟವರು ಕೃಷ್ಣಾಜಿ ಅರ್ಜುನ್ ಕೇಳುಸ್ಕರ್ ಅನ್ನೋ ಮೇಷ್ಟ್ರು. 1907ರಲ್ಲಿ ಮೆಟ್ರಿಕ್ ಆದಾಗ ತಾವು ಬರೆದ ಬುದ್ಧಚರಿತ್ರೆ ಕೊಟ್ಟರು. ಮುಂದೆ ಬರೋಡೆಯ ಸಯಾಜಿರಾವ್ ಮಹಾರಾಜರ ಬಳಿ ಕರೆದೊಯ್ದು ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಕೊಡಿಸಿದರು. ಬುದ್ಧಿ ಭೀಮರಾಯರದ್ದೇ. ಆದರೆ ತೋಟದಲ್ಲಿ ಒಬ್ಬರು ನಿಂತು ನೋಡಿದರು.

ಈಗ ನೋಡೋವರು ಯಾರು? ಅಮೆರಿಕದ ಫ್ಲಾರಿಡಾದಲ್ಲಿ ಬ್ರೋವರ್ಡ್ ಅನ್ನೋ ಸೀಮೆ ಇದೆ. ಅಲ್ಲಿ ಪ್ರತಿಭಾವಂತ ಮಕ್ಕಳಿಗೆ ಬೇರೆ ಪಾಠ. ಯಾರು ಪ್ರತಿಭಾವಂತರು ಅಂತ ಮೇಷ್ಟ್ರು, ತಂದೆತಾಯಿ ಹೇಳಿದ ಹೆಸರುಗಳಿಗಷ್ಟೇ ಪರೀಕ್ಷೆ ಇತ್ತು. 2005ರ ಹೊತ್ತಿಗೆ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಮೊದಲ ಪರೀಕ್ಷೆ ಕೊಟ್ಟರು. ಅಂಕದ ಗೆರೆ ಒಂದು ಕೂದಲೂ ಇಳಿಸಲಿಲ್ಲ. ಆದರೂ ಆಯ್ಕೆಯಾದ ಕರಿಯರ ಮಕ್ಕಳು, ಬಡವರ ಮಕ್ಕಳು ಬಹಳ ಹೆಚ್ಚಾದರು. ಡೇವಿಡ್ ಕಾರ್ಡ್, ಲಾರಾ ಜೂಲಿಯಾನೊ ಅನ್ನೋ ಸಂಶೋಧಕರು 2016ರಲ್ಲಿ ಇದನ್ನು ಪ್ರಕಟಿಸಿದ್ದಾರೆ. ದುಡ್ಡಿಲ್ಲ ಅಂತ ಆ ಪರೀಕ್ಷೆ ನಿಲ್ಲಿಸಿದಾಗ ಮತ್ತೆ ಹಳೇ ಹಾಡು. ಮಕ್ಕಳು ಅವರೇ, ಪಟ್ಟಿ ಬರೆಯೋ ಕೈ ಮಾತ್ರ ಬದಲಾಗಿತ್ತು.

ನಮ್ಮಲ್ಲಿ ಪರೀಕ್ಷೆಗಳಿಗೇನೂ ಬರ ಇಲ್ಲ. ನವೋದಯಕ್ಕೆ ಐದನೇ ತರಗತಿಯಲ್ಲಿ ಬರೀಬೇಕು. 80 ಪ್ರಶ್ನೆ, ಎರಡು ತಾಸು. ಅದರಲ್ಲಿ 40 ಪ್ರಶ್ನೆ ಚಿತ್ರ ನೋಡಿ ಗುಂಪಿಗೆ ಸೇರದ್ದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣ್ತದೆ ಅನ್ನೋ ತರಹದವು. ಒಂದು ಮಗುವಿಗೆ ಒಂದೇ ಸಲ ಅವಕಾಶ, ಎರಡನೇ ಸಲ ಇಲ್ಲ. ಕೋಚಿಂಗಿಗೆ ಹೋದ ಮಗು ಅಂಥ ಚಿತ್ರ ನೂರು ಸಲ ನೋಡಿರುತ್ತದೆ, ನಮ್ಮ ಮಗು ಅವತ್ತೇ ಮೊದಲು. ಇದನ್ನು ಪ್ರತಿಭೆಯ ಪರೀಕ್ಷೆ ಅಂತಾರೆ! ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳೂ ಆರನೇ ತರಗತಿಯಿಂದಲೇ ಶುರು. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯೋತನಕ ವರ್ಷಕ್ಕೆ 12,000 ರೂಪಾಯಿ. ಕ್ರಾಸಿಂಗಿಗೆ ಹೋಗೋ ಹುಡುಗಿಗೆ ಅದು ಸಣ್ಣ ದುಡ್ಡಲ್ಲ. ಆದರೆ ಫಾರಂ ತುಂಬೋರು ಯಾರು? ಶಾಲೆಯವರು ನಾಲ್ಕು ಹೆಸರು ಕಳಿಸಿ ಕೈತೊಳಕೊಂಡರೆ ಕೇಳೋರು ಯಾರು?

ನಾವೇ ಕೇಳಬೇಕು, ನಾವೇ ತುಂಬಬೇಕು. ಪಿಯುಸಿ, ಡಿಗ್ರಿ ಓದೋರು ಇಲ್ಲಿ ಇಷ್ಟು ಜನ ಇದ್ದೀರಿ. ಭಾನುವಾರ ಕೇರಿಗೆ ಹೋಗಿ ಐದನೇ, ಎಂಟನೇ ತರಗತಿಯ ಎಲ್ಲ ಮಕ್ಕಳನ್ನೂ ಕೂರಿಸಿ. 'ಜಾಣರಷ್ಟೇ ಬರ್ರಿ' ಅಂತ ಕರೀಬೇಡಿ, ಹಾಗೆ ಕರೆದರೆ ನಾವೂ ಅದೇ ಪಟ್ಟಿ ಬರೆದಂತೆ. ಹಳೇ ಪ್ರಶ್ನೆಪತ್ರಿಕೆ ಎಲ್ಲರಿಗೂ ಕೊಡಿ. ಬೇಗ ಮುಗಿಸಿದವರಿಗೆ ಇನ್ನೂ ಗಟ್ಟಿ ಲೆಕ್ಕ ಕೊಡಿ, ಲೈಬ್ರರಿಯಿಂದ ಪುಸ್ತಕ ತಂದುಕೊಡಿ. ಅವರನ್ನೇ ಉಳಿದವರ ಮೇಲೆ ಮಾನಿಟರ್ ಮಾಡಿ ಸುಮ್ಮನಾಗಬೇಡಿ. ಒಬ್ಬ ನವೋದಯಕ್ಕೆ ಹೋದ ಅಂತ ಭಾನುವಾರದ ಪಾಠ ನಿಲ್ಲಬಾರದು, ಹೋಗದೆ ಉಳಿದವರೂ ಓದಬೇಕಲ್ಲ.

ಜಾತಿ, ಆದಾಯದ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಈಗಲೇ ಅರ್ಜಿ ಹಾಕಿಸಿ, ಕೊನೆಯ ದಿನ ಓಡಿದರೆ ಆಗೋದಿಲ್ಲ. ಕ್ರಾಸಿಂಗ್ ಸುಗ್ಗಿಯಲ್ಲಿ ಮಕ್ಕಳು ಹಗಲು ಸಿಗೋದಿಲ್ಲ, ಸಂಜೆ ದೀಪ ಹಚ್ಚಿದ ಮೇಲೆ ಹೋಗಬೇಕಾಗ್ತದೆ. ಹತ್ತಿರದ ಕೇರಿಗಳನ್ನು ಹುಡುಗಿಯರ ಹಾಸ್ಟೆಲಿನವರಿಗೆ ಬಿಡಿ, ಅವರು ಬೇಗ ಮರಳಬೇಕು. ದೂರದ ಹಳ್ಳಿಗೆ ಸೈಕಲ್ ಇದ್ದೋರು ಹೋಗಲಿ. ಹೊರಗೆ ಮೇಜಿನ ಮೇಲೆ ನೋಟ್‌ಬುಕ್ ಇಟ್ಟಿದೆ, ಯಾವ ಕೇರಿಗೆ ಯಾರು ಅಂತ ಊಟಕ್ಕೆ ಏಳೋ ಮೊದಲು ಬರೆಸಿ ಹೋಗ್ರಿ.