ಗೋಕಾಕದ ಧಬಧಬೆಯೂ ನೀರಿನ ಕಸುವೂ



ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ಘಟಪ್ರಭಾನದಿಯು ಮರಳುಗಲ್ಲಿನ ಬಂಡೆಯ ಅಂಚಿನಿಂದ ಸುಮಾರು 170 ಅಡಿ, ಎಂದರೆ 52 ಮೀಟರುಗಳಷ್ಟು ಕೆಳಕ್ಕೆ ಧುಮುಕುವುದನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಆ ಸೀಮೆಯವರು ಇದನ್ನು ಧಬಧಬೆ ಎನ್ನುತ್ತಾರೆ. ನೀರು ಬೀಳುವ ಸದ್ದು ಆ ಮಾತಿನಲ್ಲಿಯೇ ಕೇಳಿಬರುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ, ಲಾಳದಂತೆ ಬಾಗಿದ ಆ ಅಂಚಿನುದ್ದಕ್ಕೂ ಕೆಂಪುನೀರು ಗೋಡೆಯಂತೆ ಇಳಿಯುವ ನೋಟವನ್ನು ವರ್ಣಿಸುವುದು ಕವಿಗಳ ಕೆಲಸ. ನಾವು ಇಂದು ಎತ್ತಿಕೊಂಡಿರುವುದು ಅದಕ್ಕಿಂತ ಒಣಗಿದ ವಿಷಯ.

ಒಮ್ಮೆ ನಾವು ಅಲ್ಲಿನ ತೂಗುಸೇತುವೆಯ ಸಮೀಪದಲ್ಲಿ ನಿಂತಿದ್ದಾಗ ಕೆಳಗಿನ ಹಳ್ಳಿಯ ವೃದ್ಧ ರೈತರೊಬ್ಬರು ಮಾತಿಗೆ ಸಿಕ್ಕಿದರು. ನಮ್ಮ ಕೈಯಲ್ಲಿದ್ದ ಟಿಪ್ಪಣಿಯ ಪುಸ್ತಕವನ್ನು ನೋಡಿ ನಮ್ಮನ್ನು ಬಲ್ಲವರೆಂದು ತಿಳಿದರೋ ಏನೋ, “ನೀರಾಗಿನ ಕಸುವೆಲ್ಲಾ ಕರೆಂಟಿನವ್ರು ತಗೊಂಡ ಮ್ಯಾಲೆ ನಮ್ಮ ಹೊಲಕ್ಕ ಏನು ಉಳೀತದ್ರಿ?” ಎಂದು ಕೇಳಿದರು. ಜೊತೆಯಲ್ಲಿದ್ದ ಮಿತ್ರರು ನಕ್ಕರು. ನಮಗೆ ನಗು ಬರಲಿಲ್ಲ. ಏಕೆಂದರೆ ಆ ಪ್ರಶ್ನೆಯಲ್ಲಿ ಅರ್ಧ ಸತ್ಯವಿತ್ತು. ನೀರಿನಿಂದ ಏನನ್ನೋ ತೆಗೆದುಕೊಳ್ಳದೆ ಯಾರೂ ವಿದ್ಯುತ್ತನ್ನು ಪಡೆಯಲಾರರು. ಆ ‘ಏನು’ ಎಂಬುದು ಯಾವುದು? ಅದು ಬೆಳೆಗೆ ಸಲ್ಲಬೇಕಾದುದೇ? ಇದನ್ನು ಸರಿಯಾಗಿ ಲೆಕ್ಕಹಾಕಿ ಹೇಳುವ ಹೊಣೆ ಕಲಿತವರ ಮೇಲಿದೆ.

ಮೊದಲು ಬೀಳುವ ನೀರನ್ನೇ ನೋಡೋಣ. ಬಿಟ್ಟ ವಸ್ತುವು ಮೊದಲನೆಯ ಸೆಕೆಂಡಿನಲ್ಲಿ 16 ಅಡಿ ಬೀಳುತ್ತದೆ. ಎರಡು ಸೆಕೆಂಡಿನ ಕೊನೆಗೆ 64 ಅಡಿ, ಮೂರರ ಕೊನೆಗೆ 144 ಅಡಿ. ಕಾಲವು ಇಮ್ಮಡಿಯಾದರೆ ದೂರವು ನಾಲ್ಮಡಿಯಾಗುವ ಈ ನಿಯಮವನ್ನು ಗೆಲಿಲಿಯೋ ಇಳಿಜಾರಿನ ಮೇಲೆ ಗುಂಡುಗಳನ್ನು ಉರುಳಿಸಿ ಕಂಡುಹಿಡಿದನು. ಈ ಲೆಕ್ಕದ ಪ್ರಕಾರ ಗೋಕಾಕದ ನೀರು ತಳವನ್ನು ಮುಟ್ಟಲು ಮೂರೂಕಾಲು ಸೆಕೆಂಡು ಸಾಕು; ಆಗ ಅದರ ವೇಗ ಸೆಕೆಂಡಿಗೆ 104 ಅಡಿ, ಗಂಟೆಗೆ 70 ಮೈಲಿಗೂ ಮಿಗಿಲು. ಗಾಳಿಯ ಅಡ್ಡಿಯಿಂದ ಇದು ಕೊಂಚ ಕಡಿಮೆಯಾಗುವುದು. ಆ ಸಂಗತಿಗೆ ಆಮೇಲೆ ಬರುವೆವು.

ಮೇಲಿದ್ದಾಗ ಶಾಂತವಾಗಿ ಹರಿಯುತ್ತಿದ್ದ ನೀರಿಗೆ ಈ ವೇಗ ಎಲ್ಲಿಂದ ಬಂದಿತು? ಎತ್ತರದಿಂದ. ಎತ್ತರದಲ್ಲಿರುವುದೇ ಒಂದು ಆಸ್ತಿ. ಅದನ್ನು ಸ್ಥಾನಶಕ್ತಿ ಎನ್ನುವರು. ಬೀಳುತ್ತ ಬೀಳುತ್ತ ಅದು ಚಲನಶಕ್ತಿಯಾಗಿ ಮಾರ್ಪಡುತ್ತದೆ. ಆ ಆಸ್ತಿಯನ್ನು ಗಳಿಸಿಕೊಟ್ಟವನು ಸೂರ್ಯ. ಅವನ ಶಾಖವೇ ಕಡಲ ನೀರನ್ನು ಆವಿಯಾಗಿಸಿ ಮೇಲಕ್ಕೆತ್ತಿ, ಮೋಡವಾಗಿಸಿ, ಸಹ್ಯಾದ್ರಿಯ ಮೇಲೆ ಮಳೆಯಾಗಿ ಸುರಿಯಿತು. ಹಾಗಾದರೆ ತಳವನ್ನು ಅಪ್ಪಳಿಸಿ, ಸುಳಿದು, ಮತ್ತೆ ನಿಧಾನವಾಗಿ ಹರಿಯತೊಡಗಿದ ನೀರಿನಲ್ಲಿ ಆ ಚಲನಶಕ್ತಿ ಏನಾಯಿತು? ಸದ್ದಿಗಾಗಿ ಹೋದುದು ಬಲು ಅಲ್ಪ. ಮಿಕ್ಕಿದ್ದೆಲ್ಲವೂ ಶಾಖವಾಯಿತು.

ಇದನ್ನು ಹೇಳಿದಾಗ ಹಲವರು ನಂಬುವುದಿಲ್ಲ. ಅಷ್ಟು ತಣ್ಣಗಿನ ತುಂತುರಿನಲ್ಲಿ ಶಾಖವೇ? ಆದರೆ 1845ರಲ್ಲಿಯೇ ಇಂಗ್ಲೆಂಡಿನ ಜೇಮ್ಸ್ ಜೂಲ್ ಎಂಬಾತನು ನಯಾಗರಾದ 160 ಅಡಿಗಳ ಬೀಳಿನಿಂದ ನೀರಿನ ಉಷ್ಣತೆ ಫ್ಯಾರನ್‌ಹೀಟ್ ಡಿಗ್ರಿಯ ಐದನೆಯ ಒಂದು ಪಾಲಿನಷ್ಟು ಏರಬೇಕೆಂದು ಲೆಕ್ಕಹಾಕಿ ತೋರಿಸಿದ್ದನು. ಮದ್ಯ ತಯಾರಿಸುವ ಮನೆತನದ ಈತ ಉಷ್ಣಮಾಪಕಗಳನ್ನು ಬಳಸುವುದರಲ್ಲಿ ಬಹು ನಿಪುಣ. 1847ರಲ್ಲಿ ಮದುವೆಯಾಗಿ ಹೆಂಡತಿಯೊಡನೆ ಆಲ್ಪ್ಸ್ ಸೀಮೆಗೆ ಹೋದಾಗಲೂ ಒಂದು ಜಲಪಾತದ ನೀರನ್ನು ಅಳೆಯಲು ಉಷ್ಣಮಾಪಕವನ್ನು ಹಿಡಿದುಕೊಂಡಿದ್ದನೆಂದು ಅವನ ಸ್ನೇಹಿತ ವಿಲಿಯಂ ಥಾಮ್ಸನ್ ನೆನೆದಿದ್ದಾನೆ. ಆ ಗೃಹಿಣಿಯ ಅಭಿಪ್ರಾಯವೇನಿತ್ತೋ ತಿಳಿಯದು. ನಮ್ಮ ಗೋಕಾಕವು ಎತ್ತರದಲ್ಲಿ ನಯಾಗರಾಕ್ಕೆ ಕಡಿಮೆಯಿಲ್ಲವಾಗಿ ಲೆಕ್ಕವೂ ಹತ್ತಿರ ಹತ್ತಿರ ಅದೇ: ಸೆಂಟಿಗ್ರೇಡಿನಲ್ಲಿ ಒಂದು ಡಿಗ್ರಿಯ ಎಂಟನೆಯ ಒಂದು ಪಾಲು. ಕೈಗೆ ತಿಳಿಯುವಷ್ಟಲ್ಲ, ತುಂತುರು ಆರುವಾಗ ತಂಪಾಗುವುದು ಇದನ್ನು ಮುಚ್ಚಿಬಿಡುವುದೂ ಉಂಟು.

ಈಗ ಗಿರಣಿಯವರ ಕೆಲಸವನ್ನು ವಿಚಾರಿಸೋಣ. ಗೋಕಾಕದ ನೂಲಿನ ಗಿರಣಿಯ ಸಂಸ್ಥೆಯು 1885ರಲ್ಲಿ ಹುಟ್ಟಿತು. 1887ರ ಹೊತ್ತಿಗೆ ಈ ನೀರಿನ ಬಲದಿಂದ ಗಿರಣಿ ನಡೆಯಲಾರಂಭಿಸಿತು. ಇಲ್ಲಿ ವಿದ್ಯುತ್ತು ಮೊದಲು ಹುಟ್ಟಿದ ವರ್ಷವೆಂದೂ ಅದನ್ನೇ ಹೇಳುವ ರೂಢಿಯಿದೆ. ಅಲ್ಲಿ ಮಾಡುವುದಿಷ್ಟೇ: ನೀರನ್ನು ಬಂಡೆಯ ಮೇಲೆ ವೃಥಾ ಅಪ್ಪಳಿಸಗೊಡದೆ ಕೊಳವೆಯಲ್ಲಿ ಇಳಿಸಿ ಚಕ್ರದ ಅಲಗುಗಳ ಮೇಲೆ ಬಿಡುವುದು. ಬಂಡೆಗೆ ಕೊಡಬೇಕಾದ ಪೆಟ್ಟನ್ನು ನೀರು ಚಕ್ರಕ್ಕೆ ಕೊಡುತ್ತದೆ. ಅಂದಮೇಲೆ ಚಕ್ರವನ್ನು ತಿರುಗಿಸಿ ಹೊರಬಿದ್ದ ನೀರು, ಧಬಧಬೆಯಲ್ಲಿ ಬಿದ್ದ ನೀರಿಗಿಂತ ಡಿಗ್ರಿಯ ಎಂಟನೆಯ ಒಂದು ಪಾಲಿಗೂ ಕಡಿಮೆ ತಣ್ಣಗಿರುವುದು. ಕರೆಂಟಿನವರು ತೆಗೆದುಕೊಂಡದ್ದು ಇದನ್ನೇ, ಬೇರೆ ಏನನ್ನೂ ಅಲ್ಲ. ನೀರು ನೀರಾಗಿಯೇ ಉಳಿಯಿತು; ಅದರಲ್ಲಿ ಕರಗಿದ ಲವಣಗಳೂ ಹಾಗೆಯೇ ಉಳಿದವು. ಹೇಗೂ ಬಂಡೆಯ ಪಾಲಾಗುತ್ತಿದ್ದುದು ಚಕ್ರದ ಪಾಲಾಯಿತು.

ಆದರೂ ಆ ವೃದ್ಧರ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಅಣೆಕಟ್ಟಿನ ಹಿಂದೆ ನಿಂತ ನೀರು ತಾನು ಹೊತ್ತು ತಂದ ಮೆಕ್ಕಲನ್ನು ಅಲ್ಲಿಯೇ ಇಳಿಸಿಬಿಡುತ್ತದೆ. ಹೊಲಕ್ಕೆ ಬರುವ ಕಸುವಿನಲ್ಲಿ ಏನಾದರೂ ಕಡಿಮೆಯಾಗಿದ್ದರೆ ಅದು ನೀರು ನಿಂತದ್ದರಿಂದ, ಚಕ್ರ ತಿರುಗಿದ್ದರಿಂದಲ್ಲ. ಇನ್ನೊಂದು ಸಂಗತಿಯೂ ಉಂಟು. ಧಬಧಬೆಗಿಂತ ಮೇಲೆ ಧುಪದಾಳದ ಒಡ್ಡಿದೆ. ಅಲ್ಲಿಂದ ಕಾಲುವೆಗೆ ತಿರುಗಿದ ನೀರು ಈ ಅಂಚಿಗೆ ಬರುವುದೇ ಇಲ್ಲ. ಹೊಲಕ್ಕೆ ಹೋದ ಹನಿ ಚಕ್ರಕ್ಕಿಲ್ಲ. ಚಕ್ರದ ಕೊಳವೆಗಿಳಿದ ಹನಿ ನೋಡಬಂದವರ ಕಣ್ಣಿಗಿಲ್ಲ. ಬೇಸಗೆಯಲ್ಲಿ ಬಂಡೆ ಬೋಳಾಗಿರುವುದನ್ನು ಕಂಡು ನಿರಾಶರಾಗುವ ಪ್ರವಾಸಿಗಳಿಗಿಂತ ರೈತನ ಹಕ್ಕು ಹೆಚ್ಚಿನದೆಂದು ನಮ್ಮ ಅಭಿಪ್ರಾಯ. ನೀರಿನ ಜಗಳವೇನಿದ್ದರೂ ಹಂಚಿಕೆಯದು, ಸತ್ತ್ವದ್ದಲ್ಲ.

ಚಕ್ರದ ತಿರುಗುವಿಕೆಯನ್ನು ಹಗ್ಗ, ಪಟ್ಟಿಗಳ ಮೂಲಕ ಯಂತ್ರಗಳಿಗೆ ಒಯ್ಯುವುದು ಹಿಂದೆ ಎಲ್ಲೆಡೆಯಲ್ಲಿಯೂ ಇದ್ದ ಪದ್ಧತಿ. ಗಿರಣಿಯು ಹೊಳೆಯ ದಡದಲ್ಲಿಯೇ ಇದ್ದರೆ ಅದು ಸಾಕು. ತೊಂಬತ್ತು ಮೈಲಿಯಾಚೆಗೆ ಹಗ್ಗವನ್ನು ಎಳೆಯಲಾದೀತೇ? ಮೈಸೂರು ಸಂಸ್ಥಾನದವರು 1902ರಲ್ಲಿ ಶಿವನಸಮುದ್ರದ ಕಾವೇರಿಯ ಬಲವನ್ನು ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿಸಿದ್ದು ತಂತಿಯ ಮೂಲಕ. ಇದಕ್ಕೆ ಆಧಾರವಾದುದು ಅಯಸ್ಕಾಂತ. ತಂತಿಯಲ್ಲಿ ವಿದ್ಯುತ್ತು ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ಹೊರಳುವುದೆಂದು 1820ರಲ್ಲಿ ಅರ್ಸ್ಟೆಡ್ ಕಂಡನು. ಅದನ್ನೇ ತಿರುಗುಮುರುಗು ಮಾಡಬಹುದಲ್ಲವೇ ಎಂದು ಫ್ಯಾರಡೆ ಹುಡುಕಿ, 1831ರಲ್ಲಿ ಉತ್ತರವನ್ನು ಪಡೆದನು: ತಂತಿಯ ಸುರುಳಿಯ ಬಳಿ ಅಯಸ್ಕಾಂತವು ಸುಮ್ಮನೆ ಇದ್ದರೆ ಪ್ರಯೋಜನವಿಲ್ಲ, ಅದು ಚಲಿಸಬೇಕು. ಚಲಿಸುವವರೆಗೆ ಮಾತ್ರ ತಂತಿಯಲ್ಲಿ ವಿದ್ಯುತ್ತು ಹರಿಯುವುದು. ನೀರಿನ ಚಕ್ರಕ್ಕೆ ಅಯಸ್ಕಾಂತವನ್ನು ಕಟ್ಟಿ ಸುರುಳಿಗಳ ನಡುವೆ ತಿರುಗಿಸಿದರೆ ಅದೇ ಡೈನಮೊ.

ಹಾಗಾದರೆ ಒಮ್ಮೆ ತಿರುಗಿದ ಅಯಸ್ಕಾಂತವು ತನ್ನಷ್ಟಕ್ಕೆ ತಿರುಗುತ್ತಲೇ ಇರಬಾರದೇಕೆ, ನೀರೇಕೆ ಬೇಕು ಎಂದು ಕೆಲವರು ಕೇಳುವರು. ಡೈನಮೊ ಕಟ್ಟಿದ ಬೈಸಿಕಲ್ಲನ್ನು ತುಳಿದವರಿಗೆ ಇದರ ಉತ್ತರ ಕಾಲಿಗೇ ಗೊತ್ತು. ದೀಪ ಹತ್ತಿದೊಡನೆ ತುಳಿತ ಭಾರವಾಗುತ್ತದೆ. ಸುರುಳಿಯಲ್ಲಿ ಹುಟ್ಟಿದ ವಿದ್ಯುತ್ತು ತಾನೇ ಒಂದು ಅಯಸ್ಕಾಂತವಾಗಿ, ತನ್ನನ್ನು ಹುಟ್ಟಿಸಿದ ಚಲನೆಯನ್ನು ಹಿಂದಕ್ಕೆ ಎಳೆಯುತ್ತದೆ. ಊರಿನಲ್ಲಿ ಸಂಜೆ ದೀಪಗಳು ಹತ್ತಿದಂತೆಲ್ಲ ಚಕ್ರದ ಹೊರೆ ಹೆಚ್ಚುವುದು; ಬಾಗಿಲನ್ನು ಇನ್ನಷ್ಟು ತೆರೆದು ಹೆಚ್ಚು ನೀರನ್ನು ಬಿಡದಿದ್ದರೆ ಅದು ನಿಧಾನವಾಗುವುದು.

ಎಷ್ಟು ನೀರಿಗೆ ಎಷ್ಟು ಬೆಳಕು? ಹದಿನೈದು ಲೀಟರಿನ ಒಂದು ಕೊಡ ನೀರು ಗೋಕಾಕದ ಎತ್ತರದಿಂದ ಇಳಿದರೆ, ಎಲ್ಲಿಯೂ ನಷ್ಟವಾಗದ ಪಕ್ಷದಲ್ಲಿ, 60 ವ್ಯಾಟಿನ ದೀಪವೊಂದು ಎರಡು ನಿಮಿಷ ಉರಿಯುವುದು. ಅದೇ ಕೊಡದ ನೀರನ್ನು ಸ್ನಾನಕ್ಕೆಂದು ಇಪ್ಪತ್ತು ಡಿಗ್ರಿ ಕಾಯಿಸಬೇಕಾದರೆ 160ಕ್ಕೂ ಹೆಚ್ಚು ಕೊಡಗಳು ಧಬಧಬೆಯನ್ನು ಇಳಿಯಬೇಕು. ಬಚ್ಚಲಿನಲ್ಲಿ ವಿದ್ಯುತ್ತಿನಿಂದ ನೀರು ಕಾಯಿಸುವ ಗೃಹಸ್ಥರು ತಿಂಗಳ ಬಿಲ್ಲನ್ನು ಕಂಡು ಹುಬ್ಬುಗಂಟಿಕ್ಕುವುದಕ್ಕೆ ಕಾರಣ ಇದರಲ್ಲಿದೆ.

ಇಷ್ಟನ್ನೂ ಆ ವೃದ್ಧರಿಗೆ ಅಂದು ಹೇಳಲು ನಮ್ಮಿಂದಾಗಲಿಲ್ಲ. ಕಾಲುವೆಯ ನೀರು ಈ ಚಕ್ರವನ್ನು ಮುಟ್ಟದೆಯೇ ಹೋಗುವುದೆಂದೂ, ಮುಟ್ಟಿದ್ದರೂ ಕೆಡುತ್ತಿರಲಿಲ್ಲವೆಂದೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರ ತಡ ಮಾಡಿ ಬಿಡತಾರಲ್ರಿ, ಅದಕ್ಕೇನಂತೀರಿ?” ಎಂದರು. ಆ ಪ್ರಶ್ನೆಗೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ.

ಮುಂದಿನ ಮಳೆಗಾಲದಲ್ಲಿ ಗೋಕಾಕಕ್ಕೆ ಹೋಗುವವರು ಕೈಗಡಿಯಾರವನ್ನು ಹಿಡಿದು, ಅಂಚಿನಲ್ಲಿ ಬಿಳಿಯ ನೊರೆಯ ಒಂದು ಮುದ್ದೆಯನ್ನು ಗುರುತಿಟ್ಟುಕೊಂಡು, ಅದು ತಳಕ್ಕೆ ಮುಟ್ಟುವವರೆಗೆ ಸೆಕೆಂಡುಗಳನ್ನು ಎಣಿಸಿ ನೋಡಲಿ. ಮೂರೂಕಾಲಕ್ಕಿಂತ ಹೆಚ್ಚು ಬಂದರೆ ಗಡಿಯಾರವನ್ನು ದೂರಬಾರದು. ಹೆಚ್ಚಿನದು ಗಾಳಿಯ ಪಾಲು.